ತರೀಕೆರೆ ತಾಲೂಕನ್ನು ಪ್ರವೇಶಿಸತಕ್ಕದ್ದಲ್ಲ

"ಮಿಲ್ಲು ಓಡ್ತಾ ಐತೆ ಕಣವ್ವ" ಎಂದರು ಹುಡುಗಿಯ ಅಜ್ಜಿ ಫೋನಿನಲ್ಲಿ. ಹಿಂದಿನಿಂದ ಆ ಸದ್ದು ನನಗೂ ಕೇಳಿಸುತ್ತಿತ್ತು, ಬೆಲ್ಟು ಟಪ ಟಪ ಬಡಿದುಕೊಳ್ಳುವ ಸದ್ದು. ನಾನು ಕಡೂರಿನ ನಮ್ಮ ಮನೆಯಲ್ಲಿ ತಿಂಡಿಗೆ ಕೂತಿದ್ದೆ. ತಟ್ಟೆಯನ್ನು ಹಾಗೇ ಬಿಟ್ಟು ಎದ್ದೆ.

ಎಲ್ಲೋ ಒಂದು ಹಿಟ್ಟಿನ ಮಿಲ್ಲು ಓಡಿದರೆ ನಾನೇಕೆ ತಟ್ಟೆ ಬಿಟ್ಟು ಏಳಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಜೊತೆ ಕೇಸು ಮುಗಿಯುವವರೆಗೆ ಇರಲು ಮಕ್ಕಳ ಕಲ್ಯಾಣ ಸಮಿತಿಯವರು ಒಬ್ಬರನ್ನು ಗೊತ್ತುಮಾಡುತ್ತಾರೆ. ಕಾನೂನಿನಲ್ಲಿ ಅವರಿಗೆ ಸಹಾಯಕ ವ್ಯಕ್ತಿ ಎಂದು ಹೆಸರು. ಠಾಣೆ, ಆಸ್ಪತ್ರೆ, ಕೋರ್ಟು, ಎಲ್ಲಿಗೇ ಆಗಲಿ ಮಗುವಿನ ಜೊತೆ ಹೋಗುವುದು, ಅಲ್ಲಿ ನಡೆಯುವುದನ್ನು ಮಗುವಿಗೆ ತಿಳಿಯುವ ಹಾಗೆ ಹೇಳುವುದು ನನ್ನ ಕೆಲಸ. ವಾದ ಮಾಡುವ ಅಧಿಕಾರ ನನಗಿಲ್ಲ. ಬೈಯುವ ಅಧಿಕಾರವೂ ಇಲ್ಲ, ಅದನ್ನು ಮಾತ್ರ ಆಗಾಗ ಮರೆಯುತ್ತೇನೆ.

ಈ ಹುಡುಗಿ ಒಂಬತ್ತನೇ ಕ್ಲಾಸಿನವಳು. ಬುಕ್ಕಾಂಬುಧಿ ಕಡೆಯ ಒಂದು ಊರು, ಹೆಸರು ಬರೆಯುವ ಹಾಗಿಲ್ಲ. ಅಪ್ಪ ಅಮ್ಮ ಕಾಫಿ ತೋಟದ ಕೂಲಿಗೆ ಹೋಗಿ ಅಲ್ಲೇ ಕೂಲಿಯವರ ಲೈನ್ ಮನೆಯಲ್ಲಿದ್ದರು. ಮಗಳು ಒಂದೇ ಕಡೆ ನಿಂತು ಓದಲಿ ಎಂದು ಅಜ್ಜಿಯ ಹತ್ತಿರ ಬಿಟ್ಟಿದ್ದರು. ಆ ಊರಿಗೆ ಇರುವುದು ಒಂದೇ ಮಿಲ್ಲು. ರಾಗಿ ಹಿಟ್ಟು ಮಾಡಿಸಲು ಹೋದ ಹುಡುಗಿಗೆ ಮಿಲ್ಲಿನ ಯಜಮಾನ ಏನು ಮಾಡಿದ ಎಂಬುದು ಕೋರ್ಟಿನ ಕಾಗದಗಳಲ್ಲಿದೆ, ಇಲ್ಲಿ ಬೇಡ. ಅಜ್ಜಿ ಊರಿನ ಯಾರನ್ನೂ ಒಂದು ಮಾತು ಕೇಳದೆ ಮೊಮ್ಮಗಳ ಕೈಹಿಡಿದು ನೇರವಾಗಿ ಠಾಣೆಗೆ ಹೋದರು. ಅವನು ಜೈಲಿಗೆ ಹೋದ.

ಅವನು ಜೈಲಿಗೆ ಹೋದ ದಿನವೇ ಅವನ ಅಣ್ಣ ಮಿಲ್ಲಿಗೆ ಬೀಗ ಹಾಕಿದ. ಮಿಲ್ಲು ಓಡಿಸಲು ಅಣ್ಣನಿಗೂ ಬರುತ್ತಿತ್ತು, ಕೈಕೆಳಗೆ ಆಳೂ ಇದ್ದ. ಆದರೂ "ನನ್ ತಮ್ಮ ಬರೋಗಂಟ ಬಾಗ್ಲು ತೆಗಿಯಲ್ಲ" ಎಂದನಂತೆ. ಊರಿನವರು ರಾಗಿ ಚೀಲ ಹೊತ್ತು ಬಸ್ಸು ಹತ್ತಿ ಬೇರೆ ಊರಿಗೆ ಹೋಗಬೇಕಾಯಿತು. ದಿನಾ ಎರಡು ಹೊತ್ತು ಮುದ್ದೆ ಉಣ್ಣುವ ಊರನ್ನು ಎಲ್ಲಿ ಹಿಡಿದು ಅಲ್ಲಾಡಿಸಬೇಕು ಎಂಬುದು ಆ ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಬೀಗ ಹಾಕಿದ್ದು ಅವನು, ಬೈಸಿಕೊಂಡಿದ್ದು ಹುಡುಗಿ.

ಕೆಲವು ತಿಂಗಳ ಮೇಲೆ ಅವನಿಗೆ ಜಾಮೀನು ಸಿಕ್ಕಿತು. ನಮ್ಮ ಒಂದು ತರಬೇತಿಯಲ್ಲಿ ಹೇಳಿದ್ದರು, ಕೆಲವು ದೇಶಗಳಲ್ಲಿ ಇಂಥ ಅಪರಾಧಿಗಳ ಹೆಸರು ಪಟ್ಟಿಯಲ್ಲಿರುತ್ತದೆ, ಶಾಲೆಯ ಹತ್ತಿರ ಅವರು ಮನೆ ಮಾಡುವಂತಿಲ್ಲ ಎಂದು ಆಯಾ ಊರಿನಲ್ಲೇ ಕಾನೂನು ಇರುತ್ತದೆ ಎಂದು. ಶಿಕ್ಷೆಯಾದವರ ಪಟ್ಟಿ ನಮ್ಮಲ್ಲೂ ಇದೆ, ಪೊಲೀಸರ ಕಂಪ್ಯೂಟರಿನೊಳಗೆ. ಅವರು ಎಲ್ಲಿ ವಾಸ ಮಾಡಬಾರದು ಎಂಬ ಕಾನೂನು ಇಲ್ಲ. ಕೇಸು ನಡೆಯುವಾಗ ಮಗುವಿಗೂ ಅವನಿಗೂ ನಡುವೆ ಇರುವ ಗೋಡೆ ಎಂದರೆ ಜಾಮೀನಿನ ಆದೇಶದ ಒಂದು ಸಾಲು. ಇವನ ಆದೇಶದಲ್ಲಿ ಆ ಸಾಲು ಹೀಗಿತ್ತು: ಬಾಲಕಿಯ ಸಾಕ್ಷ್ಯ ಮುಗಿಯುವವರೆಗೆ ಆರೋಪಿಯು ತರೀಕೆರೆ ತಾಲೂಕನ್ನು ಪ್ರವೇಶಿಸತಕ್ಕದ್ದಲ್ಲ. ಅವನು ಯಗಟಿ ಕಡೆ ತನ್ನ ಅಕ್ಕನ ಮನೆಯಲ್ಲಿದ್ದ. ಹುಡುಗಿ ಶಾಲೆಗೆ ಹೋಗಲು ಶುರುಮಾಡಿದ್ದಳು, ಊಟ ಮಾಡುತ್ತಿದ್ದಳು, ಅಜ್ಜಿಯ ಜೊತೆ ಜಗಳವಾಡುವಷ್ಟು ಚೇತರಿಸಿಕೊಂಡಿದ್ದಳು. ಸಾಕ್ಷಿ ಹೇಳುವ ದಿನ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಮಿಲ್ಲು ಓಡಿತು.

ನಾನು ಸ್ಕೂಟರಿನಲ್ಲಿ ಊರು ಮುಟ್ಟಿದಾಗ ಮಿಲ್ಲಿನ ಮುಂದೆ ಚೀಲಗಳ ಸಾಲು ರಸ್ತೆಯವರೆಗೂ ಬಂದಿತ್ತು. ಹೆಂಗಸರು ನಗುನಗುತ್ತಾ ಮಾತಾಡುತ್ತಿದ್ದರು. ಅವನು ತಲೆಗೆ ಟವೆಲ್ ಸುತ್ತಿಕೊಂಡು, ಮೈಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಮಿಲ್ಲಿನ ಬಾಯಿಗೆ ರಾಗಿ ಸುರಿಯುತ್ತಿದ್ದ. ನನ್ನನ್ನು ನೋಡಿ ನಗಲಿಲ್ಲ, ಹೆದರಲೂ ಇಲ್ಲ. ಸಾಲಿನಲ್ಲಿ ನಿಂತ ಇನ್ನೊಬ್ಬ ಗಿರಾಕಿಯನ್ನು ನೋಡಿದಂತೆ ನೋಡಿದ.

ಹುಡುಗಿ ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿಕೊಂಡು ಒಳಮನೆಯಲ್ಲಿ ಕೂತಿದ್ದಳು. ಶಾಲೆಯ ದಾರಿ ಮಿಲ್ಲಿನ ಮುಂದೆಯೇ ಹಾದುಹೋಗುತ್ತದೆ.

"ಹೊರಟಿದ್ದೆ ಅಕ್ಕ" ಎಂದಳು. "ಸದ್ದು ಕೇಳಿದ್ ತಕ್ಷಣ ಕಾಲು ಬರ್ಲಿಲ್ಲ."

ಅಲ್ಲಿಂದ ಠಾಣೆಗೆ ಹೋದೆ. ಸಬ್ ಇನ್ಸ್‌ಪೆಕ್ಟರ್ ಹೊಸಬರು, ಈಚೆಗೆ ವರ್ಗವಾಗಿ ಬಂದವರು. ನಾನು ಹೋಗುವ ಹೊತ್ತಿಗೆ ಜಾಮೀನು ಆದೇಶದ ಪ್ರತಿ ಅವರ ಮೇಜಿನ ಮೇಲೇ ಇತ್ತು. ಆರೋಪಿಯ ವಕೀಲರು ಹಿಂದಿನ ದಿನವೇ ತಂದುಕೊಟ್ಟು ಹೋಗಿದ್ದರಂತೆ. ಅದರಲ್ಲೇ ನನಗೆ ಅನುಮಾನ ಬರಬೇಕಿತ್ತು.

"ಷರತ್ತು ಮುರಿದಿದ್ದಾನೆ ಸಾರ್, ಈಗಲೇ ಕರ್ಕೊಂಡು ಬನ್ನಿ" ಎಂದೆ.

"ಆ ಊರು ಯಾವ ತಾಲೂಕು ಮೇಡಂ?"

"ತರೀಕೆರೆ" ಎಂದುಬಿಟ್ಟೆ.

ಅವರು ಆದೇಶವನ್ನು ನನ್ನ ಕಡೆ ತಿರುಗಿಸಿದರು. "ಅಜ್ಜಂಪುರ ಮೇಡಂ. ಅಜ್ಜಂಪುರ ಬೇರೆ ತಾಲೂಕಾಗಿ ಎಷ್ಟು ವರ್ಷ ಆಯ್ತು? ಕೋರ್ಟು ಹೋಗ್ಬೇಡ ಅಂದಿರೋದು ತರೀಕೆರೆ ತಾಲೂಕಿಗೆ. ಅವ್ನು ತರೀಕೆರೆ ಕಡೆ ತಲೆ ಹಾಕಿ ಕೂಡ ಮಲಗ್ತಿಲ್ಲ. ಈಗ ಹಿಡಿದ್ರೆ ನಾಳೆ ನನ್ ಮೇಲೇ ಕಂಪ್ಲೇಂಟ್ ಆಗುತ್ತೆ."

ಇದು ಹೇಗಾಯಿತು ಎಂದು ಊಹಿಸಲು ಬುದ್ಧಿವಂತಿಕೆ ಬೇಕಾಗಿಲ್ಲ. ತಾಲೂಕು ಬೇರೆಯಾದರೂ ಆ ಊರುಗಳವರ ಬಾಯಲ್ಲಿ ಇನ್ನೂ ತರೀಕೆರೆ ತಾಲೂಕೇ. ಮದುವೆ ಕಾರ್ಡಿನಲ್ಲಿ ಹಾಗೇ ಅಚ್ಚಾಗುತ್ತದೆ, ಅಂಗಡಿ ಬೋರ್ಡಿನಲ್ಲಿ ಹಾಗೇ ಇದೆ. ಅಜ್ಜಿ ದೂರು ಕೊಡುವಾಗ ರೂಢಿಯಂತೆ ಹಾಗೆಂದರು, ಬರೆದುಕೊಂಡವನು ಹಾಗೇ ಬರೆದ. ಅದು ದೋಷಾರೋಪ ಪಟ್ಟಿಗೆ ಹೋಯಿತು, ಅಲ್ಲಿಂದ ಆದೇಶಕ್ಕೆ ಬಂತು. ನಾನು ಆ ಆದೇಶವನ್ನು ಎಷ್ಟೋ ಸಲ ಓದಿದ್ದೆ. ನಮ್ಮಲ್ಲಿ ಯಾರಿಗೂ ಅದು ಕಣ್ಣಿಗೆ ಚುಚ್ಚಲಿಲ್ಲ. ಚುಚ್ಚಿದ್ದು ಅವನ ವಕೀಲರಿಗೆ ಮಾತ್ರ. ಅವರ ಮೇಲೆ ಬಂದಷ್ಟೇ ಸಿಟ್ಟು ನಮ್ಮೆಲ್ಲರ ಮೇಲೂ ಬಂತು. ಇಂಥ ಕೇಸಿನಲ್ಲಿ ಮಗು ಒಂದೇ ಒಂದು ಮಾತು ಹಿಂದೆ ಮುಂದೆ ಹೇಳಿದರೆ ಸುಳ್ಳಿ ಎನ್ನುತ್ತಾರೆ. ಇಷ್ಟು ಜನ ದೊಡ್ಡವರು ಸೇರಿ ಊರು ಎಲ್ಲಿದೆ ಎಂಬುದನ್ನೇ ತಪ್ಪು ಬರೆದರೆ ಅದಕ್ಕೆ ಕಣ್ತಪ್ಪು ಎಂದು ಹೆಸರು.

ಸರ್ಕಾರಿ ವಕೀಲರು ಚಿಕ್ಕಮಗಳೂರಿನಲ್ಲಿ ಕೂರುತ್ತಾರೆ. ಒಳ್ಳೆಯವರು, ಆದರೆ ಅವರ ಮೇಜಿನ ಮೇಲಿನ ಕಡತಗಳ ಹಿಂದೆ ಅವರ ಮುಖ ಕಾಣುವುದೇ ಕಷ್ಟ. "ಷರತ್ತು ತಿದ್ದುಪಡಿಗೆ ಅರ್ಜಿ ಹಾಕೋಣ ಮೇಡಂ, ದೊಡ್ಡ ವಿಷಯವಲ್ಲ" ಎಂದರು. ಊರು ಈಗ ಅಜ್ಜಂಪುರ ತಾಲೂಕಿನಲ್ಲಿದೆ ಎಂಬುದಕ್ಕೆ ಕಂದಾಯ ಇಲಾಖೆಯ ದೃಢೀಕರಣ ಬೇಕು, ತನಿಖಾಧಿಕಾರಿಯ ವರದಿ ಬೇಕು ಎಂದರು. ದೊಡ್ಡ ವಿಷಯವಲ್ಲದ ಆ ಎರಡು ಕಾಗದಕ್ಕಾಗಿ ನಾನು ಕಡೂರು, ತರೀಕೆರೆ, ಅಜ್ಜಂಪುರ ಎಂದು ತಿರುಗಿ ಸ್ಕೂಟರಿನ ಟೈರು ಸವೆಸಿದೆ. ಹಳೆಯ ದಾಖಲೆ ಅಲ್ಲಿದೆ ಎನ್ನುವವರೊಬ್ಬರು, ಹೊಸ ಸೀಲು ಇಲ್ಲಿಲ್ಲ ಎನ್ನುವವರೊಬ್ಬರು. ತನಿಖೆ ಮಾಡಿದ್ದ ಅಧಿಕಾರಿಗೆ ವರ್ಗವಾಗಿತ್ತು. ಊರು ಅಲ್ಲೇ ಇದೆ, ಕೆರೆ ಅಲ್ಲೇ ಇದೆ. ಅದು ಎಲ್ಲಿದೆ ಎಂದು ಬರೆದುಕೊಡಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಅಷ್ಟು ದಿನವೂ ಮಿಲ್ಲು ಓಡುತ್ತಿತ್ತು. ಹುಡುಗಿಯ ಹೈಸ್ಕೂಲು ಊರಾಚೆಯ ಹಳ್ಳದ ಆ ಕಡೆ, ಪಕ್ಕದ ಊರಿನಲ್ಲಿದೆ. ಮಿಲ್ಲಿನ ಮುಂದಿನ ದಾರಿ ಬಿಟ್ಟು, ಕೆರೆ ಏರಿಯನ್ನು ಸುತ್ತಿ, ಯಾರದೋ ಹೊಲದ ಬದುವಿನ ಮೇಲೆ ನಡೆದು ಹಳ್ಳ ದಾಟಬೇಕಿತ್ತು. ಅಜ್ಜಿ ಕೋಲು ಹಿಡಿದುಕೊಂಡು ಮೊಮ್ಮಗಳ ಜೊತೆ ಹೋಗಿ ಬಿಟ್ಟು ಬರುತ್ತಿದ್ದರು, ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದರು. ಶಾಲೆಯ ಹೆಡ್‌ಮೇಡಂ ತಡವಾಗಿ ಬಂದರೂ ಏನೂ ಕೇಳದೆ ಒಳಗೆ ಸೇರಿಸುತ್ತಿದ್ದರು. ಅವನ ಮಿಲ್ಲಿನ ಹಿಟ್ಟು ಮನೆಗೆ ಬರಕೂಡದು ಎಂದು ಅಜ್ಜಿ ಹಟ ಹಿಡಿದಿದ್ದರಿಂದ ಅವರ ರಾಗಿ ನನ್ನ ಸ್ಕೂಟರಿನಲ್ಲಿ ಕಡೂರಿಗೆ ಬಂದು ಹಿಟ್ಟಾಗಿ ವಾಪಸು ಹೋಗುತ್ತಿತ್ತು. ಇದು ಸಹಾಯಕ ವ್ಯಕ್ತಿಯ ಕರ್ತವ್ಯಗಳಲ್ಲಿ ಬರೆದಿಲ್ಲ.

ಒಂದು ಸಂಜೆ ಊರಿನ ಹಾಲಿನ ಡೇರಿಗೆ ನನ್ನನ್ನು ಕರೆಸಿದರು. ಹಾಲು ಹಾಕಲು ಬಂದವರೆಲ್ಲ ಕ್ಯಾನುಗಳನ್ನು ಪಕ್ಕಕ್ಕಿಟ್ಟು ನಿಂತಿದ್ದರು. ಡೇರಿಯ ಅಧ್ಯಕ್ಷರು ವಯಸ್ಸಾದವರು, ಹಣೆಯ ಮೇಲೆ ವಿಭೂತಿ, ಮಾತು ಬಹಳ ಮೆತ್ತಗೆ. ಹುಡುಗಿ ಅಜ್ಜಿಯ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಮಗುವನ್ನು ಇಂಥ ಕಡೆ ಕರೆಸಬಾರದು ಎಂದು ನಾನು ಬಂದ ಕೂಡಲೇ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ನೋಡಮ್ಮ ತಾಯಿ" ಎಂದರು ಅಧ್ಯಕ್ಷರು. "ಅವ್ನು ಮಾಡಿದ್ದು ಸರಿ ಅಂತ ನಾವ್ಯಾರೂ ಅಂತಿಲ್ಲ. ಕೋರ್ಟೈತೆ, ಅದು ನೋಡ್ಕಂತದೆ. ಆದ್ರೆ ಮಿಲ್ಲು ನಿಂತ್ರೆ ಊರೇ ನಿಂತಂಗೆ. ಹುಡ್ಗೀನ ಕಡೂರಲ್ಲಿ ಹಾಸ್ಟೆಲ್‌ಗೆ ಸೇರ್ಸಿಬಿಡಿ. ಓದೂ ಆಗ್ತದೆ, ಅವ್ಳ ಮನ್ಸಿಗೂ ನೆಮ್ದಿ. ಇಲ್ಲಿ ಯಾರ್ಗೂ ತಾಪತ್ರಯ ಇಲ್ಲ."

ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ಒಬ್ಬರೂ ಕೆಟ್ಟ ದನಿಯಲ್ಲಿ ಮಾತಾಡಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಗಾದೆ ಕೇಳಿದ್ದೆ, ಅಷ್ಟು ಪ್ರೀತಿಯಿಂದ ಬರೆ ಹಾಕುವುದನ್ನು ಕಂಡಿರಲಿಲ್ಲ.

"ಯಜಮಾನ್ರೇ, ಆ ಮಿಲ್ಲನ್ನು ನಿಲ್ಲಿಸಿದ್ದು ಯಾರು?" ಎಂದೆ.

"ಕೇಸು ಆದ್ಮೇಲೆ ನಿಂತೋಯ್ತು."

"ಕೇಸು ಮಿಲ್ಲಿಗೆ ಬೀಗ ಹಾಕುತ್ತಾ? ಕೋರ್ಟು ಒಂದು ಕಡೆನೂ ಮಿಲ್ಲು ಮುಚ್ಚಿ ಅಂದಿಲ್ಲ. ಅವರಣ್ಣ ಇಲ್ಲೇ ನಿಂತಿದ್ದಾರೆ. ಅವರಿಗೆ ಮಿಲ್ಲು ಓಡಿಸೋಕೆ ಬರಲ್ವಾ, ಕೇಳಿ. ನೀವೆಲ್ಲ ಇಷ್ಟು ತಿಂಗಳು ಚೀಲ ಹೊತ್ಕೊಂಡು ಬಸ್ಸಲ್ಲಿ ಅಲೆದಿರಲ್ಲ, ಒಂದು ದಿನ ಅವರ ಮನೆ ಮುಂದೆ ಹೋಗಿ ಬೀಗ ತೆಗಿ ಅಂದ್ರಾ?"

ಅಣ್ಣ ಕ್ಯಾನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. "ನಮ್ ಮಿಲ್ಲು, ನಮ್ ಇಷ್ಟ ಕಣ್ರೀ" ಎಂದ.

"ನೋಡಿ, ಅವರ ಮಿಲ್ಲು ಅವರ ಇಷ್ಟ. ಆ ಹುಡುಗಿ ಮನೆ ಮಾತ್ರ ನಿಮ್ಮೆಲ್ಲರ ಇಷ್ಟ, ಅಲ್ವಾ?" ಎಂದೆ. ನನ್ನ ದನಿ ಏರಿತ್ತು. ಅಧ್ಯಕ್ಷರು "ಹಿಂಗ್ ಕೂಗಾಡಿದ್ರೆ ನ್ಯಾಯ ಬಗೆಹರಿಯಲ್ಲ ತಾಯಿ, ನೀವು ಕಡೂರ್ನೋರು, ನಾಳೆ ಹೋಗ್ತೀರ, ಇವ್ರು ಇಲ್ಲೇ ಬಾಳ್ಬೇಕು" ಎಂದರು. ಮೆತ್ತಗೆ ಹೇಳಿದ ಬೆದರಿಕೆ ಎಂದರೆ ಅದು.

ಮನೆಗೆ ಬಂದ ಮೇಲೆ ನಾನು ಹುಡುಗಿಯನ್ನು ಕೇಳಲೇಬೇಕಾಗಿತ್ತು. ಅವಳಿಗೆ ಹಾಸ್ಟೆಲ್ ಬೇಕೆಂದರೆ ಸೇರಿಸುವುದೂ ನನ್ನ ಕೆಲಸವೇ. ಅಜ್ಜಿ ಒಲೆಯ ಮುಂದೆ ಕೂತು ನಮ್ಮ ಕಡೆ ನೋಡದೆ ಮುದ್ದೆ ತಿರುವುತ್ತಿದ್ದರು.

"ನಾನ್ ಯಾಕೆ ಹೋಗ್ಬೇಕು?" ಎಂದಳು. "ನಾನೇನ್ ಮಾಡಿದ್ದೆ?"

ಅಜ್ಜಿಯ ಕೈ ಅಲ್ಲೇ ನಿಂತಿತು. ಆಮೇಲೆ ಇನ್ನೂ ಜೋರಾಗಿ ತಿರುವಿದರು. ಆ ರಾತ್ರಿ ಮನೆಗೆ ಹೊರಟಾಗ ನನಗೆ ದಾರಿ ಗೊತ್ತಾಗಿತ್ತು. ಈ ಕೇಸಿನಲ್ಲಿ ಊರು ಬಿಡುವುದು ಯಾರು ಎಂಬುದೊಂದೇ ಪ್ರಶ್ನೆ, ಅವಳೋ ಅವನೋ. ಅವಳು ಬಿಟ್ಟರೆ ಸಾಕ್ಷಿಯೂ ಅವಳ ಜೊತೆ ಹೋದಂತೆ. ಹೆದರಿ ಓಡಿದವಳು ಕೋರ್ಟಿನಲ್ಲಿ ನಿಂತು ಏನು ಹೇಳುತ್ತಾಳೆ?

ಕಾಗದಗಳು ಅಂತೂ ಕೈಗೆ ಬಂದವು. ತಿದ್ದುಪಡಿ ಅರ್ಜಿಯ ದಿನ ನಾನು ಬೆಳಿಗ್ಗೆಯೇ ಚಿಕ್ಕಮಗಳೂರಿನ ಕೋರ್ಟಿನಲ್ಲಿದ್ದೆ. ನಮ್ಮ ಕೇಸು ಊಟದ ನಂತರ ಬರುವುದಿತ್ತು. ವರಾಂಡದಲ್ಲಿ ಆರೋಪಿಯ ವಕೀಲರು ನಮ್ಮ ಸರ್ಕಾರಿ ವಕೀಲರ ಹೆಗಲ ಮೇಲೆ ಕೈಹಾಕಿ, "ಅಜ್ಜಂಪುರ ಅಂತ ತಿದ್ದಿಕೊಳ್ಳಿ ಸಾರ್, ನಮ್ಮದೇನೂ ತಕರಾರಿಲ್ಲ" ಎಂದು ಹೇಳಿ ಹೋದರು. ಸರ್ಕಾರಿ ವಕೀಲರ ಮುಖ ಅರಳಿತು. "ಮುಗೀತು ಮೇಡಂ, ಇವತ್ತೇ ಆರ್ಡರ್ ಆಗುತ್ತೆ" ಎಂದರು.

ನನಗೆ ಸಂತೋಷವಾಗಬೇಕಿತ್ತು. ಒಂದು ತಾಲೂಕಿನ ಹೆಸರನ್ನು ಹುಡುಕಿ ಅದರ ಸಂದಿಯಲ್ಲಿ ನುಸುಳಿದ ಮನುಷ್ಯ ಇದ್ದಕ್ಕಿದ್ದಂತೆ ಇಷ್ಟು ಉದಾರಿ ಹೇಗಾದ? ಹುಡುಗಿಗೆ ವಿಷಯ ತಿಳಿಸೋಣ ಎಂದು ಹೆಡ್‌ಮೇಡಂ ಫೋನಿಗೆ ಕರೆ ಮಾಡಿದೆ. ಅವರು ಅವಳನ್ನು ಕರೆದು ಫೋನು ಕೊಟ್ಟರು.

"ಅಜ್ಜಂಪುರ ತಾಲೂಕಿಗೆ ಕಾಲಿಡೋ ಹಾಗಿಲ್ಲ ಅಂತ ಆಗುತ್ತೆ ಕಣೇ" ಎಂದೆ.

"ಅಜ್ಜಂಪುರ ತಾಲೂಕು ಹಳ್ಳದ ತನಕ ತಾನೇ ಅಕ್ಕ? ಹಳ್ಳದಿಂದ ಈಚೆಗೆ, ನಮ್ ಸ್ಕೂಲ್ ಕಡೆ, ಕಡೂರು ತಾಲೂಕು. ನಮ್ ಸ್ಕೂಲ್ ಬೋರ್ಡಲ್ಲಿ ಹಂಗೇ ಬರ್ದೈತೆ."

"ಹೌದು. ಅದಕ್ಕೇನು?"

"ಈಚೆಗೆ ಮಿಲ್ಲಿನೋರ ತೆಂಗಿನ ತೋಟ ಐತೆ. ಪಂಪ್‌ಸೆಟ್ ಮನೆಗೆ ಹೊಸ ಶೀಟ್ ಹಾಕ್ಸವ್ರೆ, ಸುಣ್ಣ ಹೊಡ್ದವ್ರೆ. ಮೊನ್ನೆ ಮಂಚ ಒಳಗೆ ಹಾಕಿದ್ರು. ನಮ್ ಕ್ಲಾಸ್ ಕಿಟಕೀಲಿ ಕಾಣ್ತದೆ."

ನಾನು ವರಾಂಡದ ಕಂಬಕ್ಕೆ ಒರಗಿಕೊಂಡೆ. ಮಿಲ್ಲಿನಿಂದ ಹೊರಡಿಸಿ, ಕೋರ್ಟಿನ ಮೊಹರಿನೊಂದಿಗೆ, ಅವಳ ಕ್ಲಾಸಿನ ಕಿಟಕಿಯ ಎದುರಿಗೆ ಅವನನ್ನು ತಂದು ಕೂರಿಸಲು ನಾನೇ ಇಷ್ಟು ದಿನ ಓಡಾಡಿ ಕಾಗದ ತಂದುಕೊಟ್ಟಿದ್ದೆ.

ಸರ್ಕಾರಿ ವಕೀಲರಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಇವತ್ತು ಸಿಗೋದನ್ನ ತಗೊಳ್ಳಿ ಮೇಡಂ. ಉಳಿದಿದ್ದು ಆಮೇಲೆ ನೋಡೋಣ. ಈಗ ಬೇಡ ಅಂದ್ರೆ ಮುಂದಿನ ತಾರೀಕು ಯಾವಾಗ ಸಿಗುತ್ತೋ. ಅಲ್ಲಿವರೆಗೂ ಅವನು ಆ ಮಿಲ್ಲಲ್ಲೇ ಇರ್ತಾನೆ, ಯೋಚನೆ ಮಾಡಿ."

ಅವರು ಹೇಳಿದ್ದು ಸುಳ್ಳಲ್ಲ. ಇದನ್ನು ನಿರ್ಧರಿಸುವವಳು ನಾನಲ್ಲ ಎಂಬುದೂ ಗೊತ್ತಿತ್ತು. ಮತ್ತೆ ಫೋನು ಮಾಡಿದೆ. ಎರಡೂ ದಾರಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹದಿನಾಲ್ಕು ವರ್ಷದ ಹುಡುಗಿಯನ್ನು, ಅವನು ನಿನ್ನ ಮನೆ ಹತ್ತಿರ ಇರಬೇಕೋ ಶಾಲೆಯ ಹತ್ತಿರ ಇರಬೇಕೋ ಎಂದು ಕೇಳುವ ಪಾಡು ನನಗೆ ಬಂತಲ್ಲ ಎಂದು ನನ್ನ ಮೇಲೆ, ಆ ಕಟ್ಟಡದ ಮೇಲೆ, ಕಪ್ಪು ಕೋಟುಗಳ ಮೇಲೆ ಎಲ್ಲದರ ಮೇಲೂ ಅಸಹ್ಯವಾಯಿತು.

"ಬೇಡ ಅಕ್ಕ" ಎಂದಳು. "ಇಲ್ಲಿಂದ ಎತ್ತಿ ಅಲ್ಲಿಗೆ ಇಟ್ರೆ ಏನ್ ಬಂತು? ಏರಿ ಮೇಲೆ ಇನ್ನೂ ಸ್ವಲ್ಪ ದಿನ ನಡೀತೀನಿ. ಹೋದ್ರೆ ಪೂರ್ತಿ ಹೋಗ್ಬೇಕು ಅವ್ನು."

ಕೇಸು ಕರೆದಾಗ ಸರ್ಕಾರಿ ವಕೀಲರು ಎದ್ದು, ತಿದ್ದುಪಡಿ ಸಾಲದು, ಹೊಸ ಅರ್ಜಿ ಹಾಕುತ್ತೇವೆ, ಬಾಲಕಿಯ ಮಾತನ್ನೂ ನ್ಯಾಯಾಲಯ ಕೇಳಬೇಕು ಎಂದರು. ಆರೋಪಿಯ ವಕೀಲರ ನಗು ಅಲ್ಲಿಗೆ ಇಳಿಯಿತು. ಆ ಒಂದು ಗಳಿಗೆಗಾಗಿ ನಾನು ನಮ್ಮ ಸರ್ಕಾರಿ ವಕೀಲರ ಎಲ್ಲ ಸೋಮಾರಿತನವನ್ನೂ ಮನ್ನಿಸಿದೆ.

ಹೊಸ ಅರ್ಜಿಗೆ ಏನು ಬರೆಯಬೇಕು ಎಂದು ಯೋಚಿಸುವಾಗ ನನಗೆ ತಾಲೂಕುಗಳ ಮೇಲೇ ಜಿಗುಪ್ಸೆ ಬಂದಿತ್ತು. ಭಾನುವಾರ ಹುಡುಗಿಯನ್ನು ಕೂರಿಸಿಕೊಂಡು ಒಂದು ಬಿಳಿ ಹಾಳೆ ಕೊಟ್ಟೆ. ನೀನು ಓಡಾಡುವ ಜಾಗಗಳನ್ನೆಲ್ಲ ನಕ್ಷೆಯಾಗಿ ಬರಿ ಎಂದೆ. ಮನೆ, ಮಿಲ್ಲು, ಕೆರೆ ಏರಿ, ಬಸ್ ಸ್ಟಾಪು, ಹಳ್ಳ, ತೋಟ, ಪಂಪ್‌ಸೆಟ್ ಮನೆ, ಶಾಲೆ ಎಲ್ಲವನ್ನೂ ಬರೆದಳು. ಗೆಳತಿಯ ಮನೆ ಬರೆದಳು, ನಲ್ಲಿ ಬರೆದಳು, ಅವರಮ್ಮ ಬಂದಾಗ ಇಳಿಯುವ ಕ್ರಾಸು ಬರೆದಳು. ಅಂದವಾಗಿ ಬರೆದಿದ್ದಳು, ಕೆರೆಯಲ್ಲಿ ಒಂದು ಕೊಕ್ಕರೆಯೂ ಇತ್ತು.

"ತಾಲೂಕಿನ ಗಡಿ ಎಲ್ಲಿ?" ಎಂದೆ.

"ಅದು ಕಾಣಲ್ವಲ್ಲ ಅಕ್ಕ."

ಆ ನಕ್ಷೆಯನ್ನೇ ಅರ್ಜಿಗೆ ಲಗತ್ತಿಸಿದೆವು. ಹೆಡ್‌ಮೇಡಂ ಕ್ಲಾಸಿನ ಕಿಟಕಿಯಿಂದ ಪಂಪ್‌ಸೆಟ್ ಮನೆ ಕಾಣುವಂತೆ ಫೋಟೋ ತೆಗೆದು, ತಮ್ಮ ಪತ್ರದ ಜೊತೆ ಕೊಟ್ಟರು. ತಾವಾಗಿ ಮುಂದೆ ಬಂದವರು ಆ ಕಡೆಯಲ್ಲಿ ಅವರೊಬ್ಬ‌ರೇ. ಮುಂದಿನ ತಾರೀಕಿನಂದು ನ್ಯಾಯಾಧೀಶರು ಹುಡುಗಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಆರೋಪಿಯ ಕಣ್ಣಿಗೆ ಅವಳು ಬೀಳದಂತೆ ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದೆ. ನ್ಯಾಯಾಧೀಶರು ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು, ಜಾಮೀನಿನ ಹಳೆಯ ಆದೇಶವನ್ನು ಅದರ ಪಕ್ಕದಲ್ಲಿಟ್ಟುಕೊಂಡು ಮತ್ತೆ ನೋಡಿದರು.

ಸಂಜೆಯ ಹೊತ್ತಿಗೆ ಆದೇಶವಾಯಿತು. ಸಾಕ್ಷ್ಯ ಮುಗಿಯುವವರೆಗೆ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲೂಕುಗಳಲ್ಲಿ ಅವನು ಇರುವಂತಿಲ್ಲ. ನಕ್ಷೆಯಲ್ಲಿ ತೋರಿಸಿದ ಯಾವ ಜಾಗಕ್ಕೂ, ಅದು ಯಾವ ತಾಲೂಕಿಗೆ ಸೇರಿದ್ದರೂ ಸರಿ, ಬರುವಂತಿಲ್ಲ. ಇರುವ ವಿಳಾಸವನ್ನು ಅಲ್ಲಿನ ಠಾಣೆಗೆ ತಿಳಿಸಬೇಕು. ಮೀರಿದರೆ ಜಾಮೀನು ರದ್ದು. ಹೊರಗೆ ಬಂದು ಹುಡುಗಿಗೆ ಓದಿ ಹೇಳಿದೆ. "ಅದು ಯಾವ ತಾಲೂಕಿಗೆ ಸೇರಿದ್ದರೂ ಸರಿ" ಎಂಬುದನ್ನು ಎರಡನೇ ಸಲ ಓದಿಸಿಕೊಂಡಳು.

ಅವನು ದಾವಣಗೆರೆ ಕಡೆ ಯಾರೋ ನೆಂಟರ ಮನೆಗೆ ಹೋದನಂತೆ. ಆ ಊರಿನಲ್ಲೂ ಹೆಣ್ಣುಮಕ್ಕಳಿದ್ದಾರೆ, ಅವರೂ ಎಲ್ಲಾದರೂ ಓಡಾಡಲೇಬೇಕು. ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಕಾಗದ ಬರೆದೆ, ಠಾಣೆಗೆ ಫೋನು ಮಾಡಿದೆ. "ನೋಡ್ಕೋತೀವಿ ಮೇಡಂ" ಎಂದರು. ಗೆದ್ದೆ ಎಂದು ಹೇಳಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ಒಂದು ಮಗುವಿನ ದಾರಿಯಿಂದ ಎತ್ತಿ ಇನ್ನೆಲ್ಲೋ ಇಟ್ಟೆವು. ಸದ್ಯಕ್ಕೆ ನಮ್ಮ ಕೈಲಿದ್ದದ್ದು ಅಷ್ಟು.

ಅವನು ಊರು ಬಿಟ್ಟ ದಿನವೇ ಅಣ್ಣ ಮಿಲ್ಲಿಗೆ ಮತ್ತೆ ಬೀಗ ಹಾಕಿದ.

ಸಾಕ್ಷಿಯ ದಿನ ಬಂತು. ಕೋರ್ಟಿನ ಮುಚ್ಚಿದ ಬಾಗಿಲಿನೊಳಗೆ ಅವಳು ಏನು ಹೇಳಿದಳು, ಅವಳನ್ನು ಏನೇನು ಕೇಳಿದರು ಎಂಬುದನ್ನು ನಾನು ಬರೆಯುವಂತಿಲ್ಲ. ಆದರೆ ಅದಕ್ಕೆ ಮುಂಚೆ, ಬೆಳಿಗ್ಗೆ ಬಸ್ಸಿನಲ್ಲಿ ಆಡಿದ್ದನ್ನು ಬರೆಯಬಹುದು. ಬಸ್ಸಿನ ಬಾಗಿಲು ಮುಚ್ಚಿರಲಿಲ್ಲ.

ಖಾಸಗಿ ಬಸ್ಸು. ಊರಿನ ಹೆಂಗಸರು ರಾಗಿ ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ಮುಂದಿನ ಸೀಟುಗಳನ್ನೆಲ್ಲ ಹಿಡಿದಿದ್ದರು. ನಾನು, ಅಜ್ಜಿ, ಹುಡುಗಿ ಹತ್ತಿದೆವು. ನಮಗೆ ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತೆವು. ಬಸ್ಸು ಮಿಲ್ಲಿನ ಮುಂದೆ ಹಾದುಹೋಗುವಾಗ ಎಲ್ಲರೂ ಕಿಟಕಿಯಿಂದ ಬೀಗ ಬಿದ್ದ ಬಾಗಿಲನ್ನು ನೋಡಿದರು. ಅವಳ ಗೆಳತಿಯ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ.

"ನಿನ್ನಿಂದ ಕಣೇ ನಮ್ಗೆ ಈ ಪಾಡು" ಎಂದರು. "ಈ ವಯಸ್ನಲ್ಲಿ ಚೀಲ ಹೊತ್ಕಂಡು ಊರೂರು ತಿರುಗೋ ಹಂಗಾಯ್ತು."

ನನ್ನ ನಾಲಗೆಯ ತುದಿಗೆ ಉತ್ತರ ಬಂದಿತ್ತು. ಡೇರಿಯಲ್ಲಿ ಹೇಳಿದ್ದಕ್ಕಿಂತ ಖಾರವಾದದ್ದೇ ಬಂದಿತ್ತು. ಅಷ್ಟರಲ್ಲಿ ಹುಡುಗಿ ಕಂಬಿಯನ್ನು ಬಿಟ್ಟು ಅವರ ಕಡೆ ತಿರುಗಿದಳು. ಅವಳ ದನಿ ಜೋರಾಗಿರಲಿಲ್ಲ, ಆದರೆ ಹಿಂದಿನ ಸೀಟಿನವರೆಗೂ ಕೇಳಿಸಿತು.

"ಬೀಗ ನಾನ್ ಹಾಕಿಲ್ಲ ದೊಡ್ಡಮ್ಮ. ಹಾಕಿದೋರ್ ಮನೆ ನಿಮ್ ಮನೆ ಪಕ್ಕದಲ್ಲೇ ಐತೆ. ಹೋಗಿ ಅವ್ರನ್ನ ಕೇಳಿ."

ಹುಡುಗಿ ಮತ್ತೆ ಕಂಬಿ ಹಿಡಿದು, ಚಿಕ್ಕಮಗಳೂರಿಗೆ ಇನ್ನೂ ಎಷ್ಟು ಹೊತ್ತು ಎಂದು ನನ್ನನ್ನು ಕೇಳಿದಳು.